ಒಂದು ನಲ್ಲಿ, ನಾಲ್ಕು ಕೊಡ: ಯು.ಎಸ್.ಬಿ. ಹಬ್‌ನ ಲೆಕ್ಕ

ಕಳೆದ ವರ್ಷದ ಬೇಸಗೆಯ ಒಂದು ರಾತ್ರಿ ನನ್ನ ಅಣ್ಣನ ಮಗಳು ದೂರವಾಣಿಯಲ್ಲಿ ನನ್ನನ್ನು ಕರೆದಳು. ಅವಳು ಆಗ ಪದವಿ ತರಗತಿಯ ಕೊನೆಯ ವರ್ಷದಲ್ಲಿ ಸಸ್ಯಶಾಸ್ತ್ರವನ್ನು ಓದುತ್ತಿದ್ದಳು. ಊರ ಕೆರೆಯ ಸುತ್ತಲಿನ ಗಿಡಗಳನ್ನು ಕುರಿತು ಬರೆಯುತ್ತಿದ್ದ ಪ್ರಬಂಧವೂ ಅದಕ್ಕಾಗಿ ಮೂರು ತಿಂಗಳು ಅಲೆದು ತೆಗೆದ ಛಾಯಾಚಿತ್ರಗಳೂ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿದ್ದುವು. "ಚಿಕ್ಕಪ್ಪ, ಡಿಸ್ಕು ಟಿಕ್ ಟಿಕ್ ಎನ್ನುತ್ತಿದೆ, ಕಂಪ್ಯೂಟರಿನಲ್ಲಿ ಕಾಣಿಸುತ್ತಲೇ ಇಲ್ಲ. ನಾಳಿದ್ದು ಪ್ರಬಂಧ ಒಪ್ಪಿಸಬೇಕು" ಎನ್ನುವಾಗ ಅವಳ ದನಿ ನಡುಗುತ್ತಿತ್ತು.

ವಿಚಾರಿಸಿದಾಗ ತಿಳಿದುದು ಇಷ್ಟು. ಅವಳ ಲ್ಯಾಪ್‌ಟಾಪಿಗೆ ಇದ್ದುವು ಎರಡೇ ಯು.ಎಸ್.ಬಿ. ಕಿಂಡಿಗಳು; ಅವುಗಳಲ್ಲಿ ಒಂದು ಸಡಿಲವಾಗಿತ್ತು. ಆದುದರಿಂದ ಅಂಗಡಿಯಿಂದ ನಾಲ್ಕು ಕಿಂಡಿಗಳ ಒಂದು ಹಬ್ ತಂದು, ಅದಕ್ಕೆ ಮೌಸ್, ಕೀಲಿಮಣೆ, ಡಿಸ್ಕು ಮೂರನ್ನೂ ಸೇರಿಸಿದ್ದಳು. ನಾಲ್ಕನೆಯ ಕಿಂಡಿ ಖಾಲಿ ಇದೆಯಲ್ಲ ಎಂದು ತನ್ನ ಮೊಬೈಲನ್ನೂ ಚಾರ್ಜಿಗೆ ಹಾಕಿದಳು. ಆ ಗಳಿಗೆಯಿಂದ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು.

"ಹಬ್‌ನಿಂದ ಡಿಸ್ಕನ್ನು ಬಿಡಿಸಿ ಲ್ಯಾಪ್‌ಟಾಪಿನ ಕಿಂಡಿಗೇ ನೇರವಾಗಿ ಹಾಕಿ ನೋಡಮ್ಮ" ಎಂದೆ. ಡಿಸ್ಕು ಒಡನೆಯೇ ಓಡತೊಡಗಿತು. ಛಾಯಾಚಿತ್ರಗಳೆಲ್ಲ ಉಳಿದಿದ್ದುವು. ಆದರೆ ಆ ಕ್ಷಣದಲ್ಲಿ ಉಳಿಸಲಾಗುತ್ತಿದ್ದ ಪ್ರಬಂಧದ ಕಡತ ಅರ್ಧಂಬರ್ಧ ಬರೆಯಲ್ಪಟ್ಟು, ತೆರೆಯಲಾರದಂತಾಗಿತ್ತು. ಆ ವಾರ ಬರೆದಿದ್ದ ಹನ್ನೆರಡು ಪುಟಗಳನ್ನು ಅವಳು ರಾತ್ರಿಯೆಲ್ಲ ಕುಳಿತು ಮತ್ತೆ ಬರೆಯಬೇಕಾಯಿತು.

ಡಿಸ್ಕಿನಲ್ಲಾಗಲಿ ಹಬ್‌ನಲ್ಲಾಗಲಿ ದೋಷವೇನೂ ಇರಲಿಲ್ಲ. ಒಬ್ಬನಿಗೆ ಸಾಲುವ ಊಟವನ್ನು ನಾಲ್ವರಿಗೆ ಬಡಿಸಿದುದೇ ದೋಷ. ಹಬ್ ಎಂಬ ಈ ಪುಟ್ಟ ಪೆಟ್ಟಿಗೆ ಕಿಂಡಿಗಳನ್ನು ಹೆಚ್ಚಿಸುತ್ತದೆ. ಆ ಕಿಂಡಿಗಳಲ್ಲಿ ಹರಿಯತಕ್ಕ ವಿದ್ಯುತ್ತನ್ನಾಗಲಿ ವೇಗವನ್ನಾಗಲಿ ತಾನಾಗಿಯೇ ಹೆಚ್ಚಿಸಲಾರದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಬ್‌ಗಳನ್ನು ಆರಿಸುವುದೂ ಬಳಸುವುದೂ ಪ್ರೌಢಶಾಲೆಯ ಗಣಿತದಿಂದಲೇ ಸಾಧ್ಯವಾಗುತ್ತದೆ. ಹೇಗೆಂಬುದನ್ನು ನೋಡೋಣ.

ಹೆಸರಿನ ಅರ್ಥ

೧೯೯೦ರ ದಶಕದ ಮೊದಲ ವರ್ಷಗಳಲ್ಲಿ ಕಂಪ್ಯೂಟರಿನ ಬೆನ್ನನ್ನು ನೋಡಿದವರಿಗೆ ಅಲ್ಲಿ ಬಗೆಬಗೆಯ ಕಿಂಡಿಗಳು ಕಾಣುತ್ತಿದ್ದುವು. ಮುದ್ರಣಯಂತ್ರಕ್ಕೆ ಒಂದು ಬಗೆ, ಕೀಲಿಮಣೆಗೆ ಇನ್ನೊಂದು, ಮೋಡೆಮ್ಮಿಗೆ ಮತ್ತೊಂದು. ಒಂದರ ತಂತಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹೊಸ ಉಪಕರಣವನ್ನು ಜೋಡಿಸಿದರೆ ಸಾಮಾನ್ಯವಾಗಿ ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕಾಗುತ್ತಿತ್ತು. ಈ ಗೊಂದಲವನ್ನು ತೊಡೆದುಹಾಕಲು ಕಾಂಪ್ಯಾಕ್, ಡಿಜಿಟಲ್ ಇಕ್ವಿಪ್‌ಮೆಂಟ್, ಐ.ಬಿ.ಎಂ., ಇಂಟೆಲ್, ಮೈಕ್ರೋಸಾಫ್ಟ್, ಎನ್.ಇ.ಸಿ., ನಾರ್ಟೆಲ್ ಎಂಬ ಏಳು ಸಂಸ್ಥೆಗಳು ಕಲೆತು ಒಂದು ಸಾಮಾನ್ಯ ನಿಯಮಾವಳಿಯನ್ನು ರೂಪಿಸಿ, ೧೯೯೬ರ ಜನವರಿಯಲ್ಲಿ ಪ್ರಕಟಿಸಿದುವು. ಅದೇ ಯೂನಿವರ್ಸಲ್ ಸೀರಿಯಲ್ ಬಸ್, ಅಂದರೆ ಯು.ಎಸ್.ಬಿ. ಈ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದ ಇಂಟೆಲ್ ಸಂಸ್ಥೆಯ ಅಜಯ್ ಭಟ್ಟರು ನಮ್ಮ ದೇಶದವರು. ವಡೋದರಾ ನಗರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು.

ಈ ಹೆಸರಿನ ಮೂರು ಪದಗಳಲ್ಲೇ ಅದರ ಗುಣವೂ ಅಡಗಿದೆ. 'ಯೂನಿವರ್ಸಲ್' ಎಂದರೆ ಎಲ್ಲ ಉಪಕರಣಗಳಿಗೂ ಸಲ್ಲುವಂಥದು. 'ಸೀರಿಯಲ್' ಎಂದರೆ ಸಂದೇಶದ ಕಣಗಳು ಒಂದರ ಹಿಂದೊಂದಾಗಿ, ಇರುವೆಯ ಸಾಲಿನಂತೆ, ಸಾಗುವಂಥದು. 'ಬಸ್' ಎಂದರೆ ಎಲ್ಲರೂ ಹಂಚಿಕೊಳ್ಳುವ ಹಾದಿ. ಹಂಚಿಕೊಳ್ಳುವುದು ಎಂಬ ಈ ಮಾತನ್ನು ನಾವು ಮರೆಯುವುದರಿಂದಲೇ ತೊಂದರೆಗಳು ಹುಟ್ಟುವುದು.

ತರಗತಿಯ ಹಾಜರಿ

ಯು.ಎಸ್.ಬಿ. ವ್ಯವಸ್ಥೆ ನಡೆಯುವ ರೀತಿಯನ್ನು ತಿಳಿಯಲು ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಕಂಪ್ಯೂಟರೇ ಇಲ್ಲಿ ಉಪಾಧ್ಯಾಯ. ಮೌಸ್, ಪೆನ್ ಡ್ರೈವ್, ಕ್ಯಾಮರಾ ಮೊದಲಾದುವು ವಿದ್ಯಾರ್ಥಿಗಳು. ಉಪಾಧ್ಯಾಯರು ಹೆಸರು ಹಿಡಿದು ಕರೆದ ಹೊರತು ಯಾವ ವಿದ್ಯಾರ್ಥಿಯೂ ಬಾಯಿ ತೆರೆಯುವಂತಿಲ್ಲ. "ಮೌಸ್, ನೀನು ಹೇಳುವುದೇನಾದರೂ ಉಂಟೇ?" ಎಂದು ಕಂಪ್ಯೂಟರು ಕೇಳುತ್ತದೆ, "ಎಡಕ್ಕೆ ಮೂರು ಹೆಜ್ಜೆ ಸರಿದೆ" ಎಂದೋ "ಏನೂ ಇಲ್ಲ" ಎಂದೋ ಮೌಸ್ ಉತ್ತರಿಸುತ್ತದೆ. ಈ ಪ್ರಶ್ನೋತ್ತರ ಸೆಕೆಂಡಿಗೆ ನೂರಾರು ಸಲ ನಡೆಯುತ್ತಿರುವುದರಿಂದ ನಮಗೆ ಅದರ ಸುಳಿವೇ ಹತ್ತುವುದಿಲ್ಲ. ೨೦೦೮ರಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ ಈ ಶಿಸ್ತು ಕೊಂಚ ಸಡಿಲಗೊಂಡು, ವಿದ್ಯಾರ್ಥಿ ತಾನು ಸಿದ್ಧನಾದೆನೆಂದು ಕೈಯೆತ್ತಲು ಅವಕಾಶ ದೊರೆತಿದೆ. ಆದರೂ ತರಗತಿಯ ಒಡೆಯ ಕಂಪ್ಯೂಟರೇ.

ಹೊಸ ಉಪಕರಣವೊಂದನ್ನು ಜೋಡಿಸಿದಾಗ ಕಂಪ್ಯೂಟರು ಅದಕ್ಕೊಂದು ಸಂಖ್ಯೆಯನ್ನು ಕೊಡುತ್ತದೆ. ಈ ಸಂಖ್ಯೆಗೆ ಏಳು ದ್ವಿಮಾನ ಅಂಕೆಗಳ ಸ್ಥಳವಿದೆ. ಎರಡನ್ನು ಏಳು ಸಲ ಗುಣಿಸಿದರೆ ೧೨೮ ಆಗುತ್ತದೆಯಷ್ಟೆ. ಅದರಲ್ಲಿ ಸೊನ್ನೆಯನ್ನು ಇನ್ನೂ ಹೆಸರು ಪಡೆಯದ ಹೊಸಬರಿಗಾಗಿ ಮೀಸಲಿಟ್ಟಿರುವುದರಿಂದ ಉಳಿದುವು ೧೨೭. ಒಂದು ಕಂಪ್ಯೂಟರಿನ ಒಂದು ಯು.ಎಸ್.ಬಿ. ಮೂಲಕ್ಕೆ ೧೨೭ ಉಪಕರಣಗಳನ್ನು ಸೇರಿಸಬಹುದೆಂದು ಪೆಟ್ಟಿಗೆಗಳ ಮೇಲೆ ಬರೆದಿರುವುದರ ಮರ್ಮ ಇದೇ. ಇದು ಹೆಸರಿನ ಪಟ್ಟಿಯ ಉದ್ದವೇ ಹೊರತು ಅಷ್ಟೂ ಮಂದಿಗೆ ಊಟವಿದೆ ಎಂಬ ಭರವಸೆಯಲ್ಲ.

ಹಬ್ ಈ ತರಗತಿಯ ಮಾನಿಟರ್ ಇದ್ದಂತೆ. ಉಪಾಧ್ಯಾಯರ ಕರೆಯನ್ನು ಹಿಂದಿನ ಬೆಂಚುಗಳಿಗೆ ಮುಟ್ಟಿಸುವುದು, ಅಲ್ಲಿಂದ ಬಂದ ಉತ್ತರವನ್ನು ಮೇಲಕ್ಕೆ ಒಪ್ಪಿಸುವುದು, ಯಾರಾದರೂ ಹೊಸದಾಗಿ ಬಂದರೆ ಅಥವಾ ಎದ್ದುಹೋದರೆ ತಿಳಿಸುವುದು ಅದರ ಕೆಲಸ. ಹಬ್‌ಗೂ ಪಟ್ಟಿಯಲ್ಲಿ ಒಂದು ಸಂಖ್ಯೆ ಬೇಕು. ಹಬ್‌ಗೆ ಇನ್ನೊಂದು ಹಬ್ಬನ್ನು ಸೇರಿಸುತ್ತ ಹೋಗಬಹುದಾದರೂ ಕಂಪ್ಯೂಟರಿಗೂ ಉಪಕರಣಕ್ಕೂ ನಡುವೆ ಐದಕ್ಕಿಂತ ಹೆಚ್ಚು ಹಬ್‌ಗಳಿರಕೂಡದೆಂದು ನಿಯಮವಿದೆ. ಸಂದೇಶವು ಪ್ರತಿಯೊಂದು ಹಬ್ಬನ್ನು ದಾಟುವಾಗಲೂ ಸ್ವಲ್ಪ ತಡವಾಗುತ್ತದೆ. ಉತ್ತರಕ್ಕಾಗಿ ಕಂಪ್ಯೂಟರು ಕಾಯುವ ಅವಧಿಗೋ ಮಿತಿಯುಂಟು. ಎರಡನೆಯ ಪೀಳಿಗೆಯ ಒಂದೊಂದು ಕೇಬಲಿನ ಉದ್ದವೂ ೫ ಮೀಟರನ್ನು ಮೀರಬಾರದೆಂಬ ಕಟ್ಟಳೆಗೆ ಇದೂ ಒಂದು ಕಾರಣ.

ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಬಹುದು. ಅಂಗಡಿಗಳಲ್ಲಿ ನಾಲ್ಕು ಕಿಂಡಿಗಳ ಹಬ್‌ಗಳೂ ಏಳು ಕಿಂಡಿಗಳ ಹಬ್‌ಗಳೂ ಬಹಳವಾಗಿ ದೊರೆಯುತ್ತವೆ. ಏಳೇ ಏಕೆ? ಏಳು ಕಿಂಡಿಗಳ ಅನೇಕ ಹಬ್‌ಗಳ ಒಳಗೆ ನಾಲ್ಕು ಕಿಂಡಿಗಳ ಎರಡು ಚಿಪ್ಪುಗಳಿರುತ್ತವೆ. ಮೊದಲನೆಯದರ ಒಂದು ಕಿಂಡಿಗೆ ಎರಡನೆಯದನ್ನು ಒಳಗೊಳಗೇ ಜೋಡಿಸಿರುತ್ತಾರೆ. ೪ + ೪ – ೧ = ೭. ಅಂದರೆ ಹೊರಗೆ ಒಂದೇ ಪೆಟ್ಟಿಗೆಯಾಗಿ ಕಂಡರೂ ಒಳಗಿರುವುವು ಸಾಲಾಗಿ ಕುಳಿತ ಎರಡು ಹಬ್‌ಗಳು.

ವಿದ್ಯುತ್ತಿನ ಪಾಲು

ಹಳೆಯ ಚಪ್ಪಟೆ ಯು.ಎಸ್.ಬಿ. ಪ್ಲಗ್ಗಿನ ಬಾಯೊಳಗೆ ಇಣಿಕಿ ನೋಡಿದರೆ ನಾಲ್ಕು ಲೋಹದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ಪಟ್ಟಿಗಳು ನಡುವಿನವುಗಳಿಗಿಂತ ತುಸು ಉದ್ದವಾಗಿವೆ. ಅಂಚಿನವು ೫ ವೋಲ್ಟ್ ವಿದ್ಯುತ್ತನ್ನು ಒಯ್ಯುತ್ತವೆ, ನಡುವಿನವು ಸಂದೇಶವನ್ನು. ಪ್ಲಗ್ಗನ್ನು ತೂರಿಸಿದಾಗ ಉದ್ದದ ಪಟ್ಟಿಗಳು ಮೊದಲು ತಗಲುವುದರಿಂದ ಉಪಕರಣಕ್ಕೆ ಮೊದಲು ವಿದ್ಯುತ್ತು ದೊರೆತು, ಆಮೇಲೆ ಮಾತುಕತೆ ಆರಂಭವಾಗುತ್ತದೆ. ಕಂಪ್ಯೂಟರು ನಡೆಯುತ್ತಿರುವಾಗಲೇ ಉಪಕರಣಗಳನ್ನು ಸೇರಿಸಲು ನೆರವಾಗುವ ಜಾಣ ಏರ್ಪಾಡಿದು.

ಒಂದು ಕಿಂಡಿ ಎಷ್ಟು ವಿದ್ಯುತ್ತನ್ನು ಕೊಡಬಲ್ಲುದು? ೨೦೦೦ದಲ್ಲಿ ಪ್ರಕಟವಾದ ಎರಡನೆಯ ಪೀಳಿಗೆಯ ನಿಯಮದಂತೆ ೫೦೦ ಮಿಲಿಆಂಪಿಯರ್; ಮೂರನೆಯ ಪೀಳಿಗೆಯಲ್ಲಿ ೯೦೦ ಮಿಲಿಆಂಪಿಯರ್. ಇದನ್ನು ಮನೆಯ ನಲ್ಲಿಗೆ ಹೋಲಿಸಬಹುದು. ಬೀದಿಯ ಕೊಳವೆಯಿಂದ ಮನೆಗೆ ಬರುವ ನೀರಿಗೆ ಒಂದು ಮಿತಿಯುಂಟು. ಮನೆಯೊಳಗೆ ನಾಲ್ಕು ನಲ್ಲಿಗಳನ್ನು ಹಾಕಿಸಿ, ನಾಲ್ಕರ ಕೆಳಗೂ ಕೊಡವಿಟ್ಟರೆ ಬರುವ ನೀರು ನಾಲ್ಕು ಪಾಲಾಗುತ್ತದೆಯೇ ಹೊರತು ನಾಲ್ಕು ಪಟ್ಟಾಗುವುದಿಲ್ಲ. ಲ್ಯಾಪ್‌ಟಾಪಿನಿಂದಲೇ ವಿದ್ಯುತ್ತು ಪಡೆಯುವ ಹಬ್ ಇಂಥದು. ಎರಡನೆಯ ಪೀಳಿಗೆಯ ನಿಯಮ ಇಲ್ಲಿ ಬಹು ಕಟ್ಟುನಿಟ್ಟು: ೫೦೦ರಲ್ಲಿ ೧೦೦ ಹಬ್‌ಗೆ, ಉಳಿದ ೪೦೦ರಲ್ಲಿ ಕಿಂಡಿಯೊಂದಕ್ಕೆ ೧೦೦ರಂತೆ ನಾಲ್ಕು ಪಾಲು. ಸ್ವಂತ ವಿದ್ಯುತ್ತಿಲ್ಲದ ಹಬ್‌ಗಳಲ್ಲಿ ನಾಲ್ಕೇ ಕಿಂಡಿಗಳಿರುವ ವಾಡಿಕೆ ಈ ಭಾಗಾಕಾರದಿಂದ ಬಂದುದು.

ಈಗ ನನ್ನ ಅಣ್ಣನ ಮಗಳ ಮೇಜಿನ ಲೆಕ್ಕವನ್ನು ಮಾಡೋಣ. ಮೌಸಿಗೂ ಕೀಲಿಮಣೆಗೂ ತಲಾ ೧೦೦ ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ಮೊಬೈಲು ಇಂಥ ಕಿಂಡಿಯಿಂದ ೫೦೦ರವರೆಗೆ ಎಳೆಯಬಹುದು. ಓಡುತ್ತಿರುವ ಡಿಸ್ಕಿಗೆ ಸುಮಾರು ೫೦೦ ಬೇಕು. ನಿಂತ ತಟ್ಟೆಯನ್ನು ಮತ್ತೆ ತಿರುಗಿಸಿ ವೇಗಕ್ಕೆ ತರುವಾಗ ಕೆಲವು ಡಿಸ್ಕುಗಳು ೯೦೦ರ ಸಮೀಪಕ್ಕೆ ಹೋಗುತ್ತವೆ. ಕೂಡಿಸಿದರೆ ಸಾಧಾರಣ ಸ್ಥಿತಿಯಲ್ಲಿ ೧೨೦೦, ಡಿಸ್ಕು ಆರಂಭವಾಗುವಾಗ ೧೬೦೦. ಕೊಡುವ ಕಿಂಡಿಯ ಶಕ್ತಿಯೋ ೯೦೦! ಮೊಬೈಲನ್ನು ಸೇರಿಸುವವರೆಗೆ ಹೇಗೋ ನಡೆಯುತ್ತಿದ್ದ ಸಂಸಾರ ಅದನ್ನು ಸೇರಿಸಿದೊಡನೆ ಮುಗ್ಗರಿಸಿತು.

ಕೊರತೆಯಾದಾಗ ಏನಾಗುತ್ತದೆ? ಒಳ್ಳೆಯ ಹಬ್ ಹೆಚ್ಚು ಎಳೆಯುವ ಕಿಂಡಿಯನ್ನು ತಾನೇ ಮುಚ್ಚಿ, ಕಂಪ್ಯೂಟರಿಗೆ ತಿಳಿಸುತ್ತದೆ. ಅಗ್ಗದ ಅನೇಕ ಹಬ್‌ಗಳಲ್ಲಿ ಅಂಥ ಕಾವಲಿರುವುದಿಲ್ಲ; ವಿದ್ಯುತ್ತಿನ ತಂತಿಗಳನ್ನು ನೇರವಾಗಿ ಕವಲೊಡೆಸಿರುತ್ತಾರೆ. ಆಗ ಇಳಿಯುವುದು ವೋಲ್ಟೇಜು. ಪಾಠದಲ್ಲಿ ಓದಿದ ಓಮನ ನಿಯಮ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ತೆಳುವಾದ ಯು.ಎಸ್.ಬಿ. ಕೇಬಲುಗಳಲ್ಲಿ ಬಳಸುವ ೨೮ ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು ೦.೨೧ ಓಮ್ ರೋಧವಿದೆ. ಒಂದು ಮೀಟರ್ ಕೇಬಲಿನಲ್ಲಿ ಪ್ರವಾಹ ಹೋಗಿ ಹಿಂದಿರುಗುವ ಹಾದಿ ಎರಡು ಮೀಟರ್. ಆದುದರಿಂದ ರೋಧ ೦.೪೨ ಓಮ್. ೦.೯ ಆಂಪಿಯರ್ ಹರಿದಾಗ ಕಳೆದುಹೋಗುವ ವೋಲ್ಟೇಜು ೦.೪೨ × ೦.೯, ಅಂದರೆ ಸುಮಾರು ೦.೩೮. ಐದು ವೋಲ್ಟು ಹೊರಟುದು ೪.೬೨ ಆಗಿ ಮುಟ್ಟುತ್ತದೆ. ಸಡಿಲವಾದ ಪ್ಲಗ್ಗು, ಹಬ್‌ನ ಸ್ವಂತ ತಂತಿ, ಡಿಸ್ಕಿನ ತಂತಿ ಇವೆಲ್ಲ ತಮ್ಮ ತಮ್ಮ ಸುಂಕವನ್ನು ವಸೂಲು ಮಾಡಿದ ಮೇಲೆ ಉಳಿಯುವುದು ಇನ್ನೂ ಕಡಿಮೆ. ಡಿಸ್ಕಿನ ಮೋಟಾರು ವೇಗವನ್ನು ಮುಟ್ಟಲಾರದೆ ನಿಲ್ಲುತ್ತದೆ, ಮತ್ತೆ ಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ಟಿಕ್ ಟಿಕ್ ಎಂಬ ಆ ಸದ್ದು ಈ ಸೋಲಿನ ಸದ್ದು. ಬರೆಯುವ ಕೆಲಸ ನಡುವೆ ಹೀಗಾದರೆ ಕಡತ ಮುರಿದುಹೋಗುತ್ತದೆ.

ಇದಕ್ಕೆ ಪರಿಹಾರವೆಂದರೆ ಮನೆಗೆ ಸ್ವಂತ ಬಾವಿ ತೋಡಿಸುವುದು; ಅಂದರೆ ಗೋಡೆಯ ಸಾಕೆಟ್ಟಿನಿಂದ ಅಡಾಪ್ಟರಿನ ಮೂಲಕ ತನ್ನದೇ ವಿದ್ಯುತ್ತನ್ನು ಪಡೆಯುವ ಹಬ್ಬನ್ನು ಕೊಳ್ಳುವುದು. ಆದರೆ ಬಾವಿಯ ಆಳವನ್ನೂ ನೋಡಬೇಕು. ಮೂರನೆಯ ಪೀಳಿಗೆಯ ನಾಲ್ಕು ಕಿಂಡಿಗಳಿಗೂ ಪೂರ್ಣ ಪಾಲು ದೊರೆಯಬೇಕಾದರೆ ೪ × ೦.೯ = ೩.೬ ಆಂಪಿಯರ್ ಬೇಕು. ಹಬ್‌ನ ಖರ್ಚು ಸೇರಿದರೆ ೫ ವೋಲ್ಟಿನ ೪ ಆಂಪಿಯರ್, ಅಂದರೆ ೨೦ ವಾಟಿನ, ಅಡಾಪ್ಟರು ಯುಕ್ತ. ಏಳು ಕಿಂಡಿಗಳ ಹಬ್‌ನೊಡನೆ ೨ ಆಂಪಿಯರಿನ ಅಡಾಪ್ಟರನ್ನು ಕೊಟ್ಟಿದ್ದರೆ ಕಿಂಡಿಯೊಂದಕ್ಕೆ ಬರುವ ಸರಾಸರಿ ಪಾಲು ೨೮೫ ಮಿಲಿಆಂಪಿಯರ್ ಮಾತ್ರ. ಕಿಂಡಿಗಳ ಸಂಖ್ಯೆಯನ್ನು ಎಣಿಸುವ ಮೊದಲು ಅಡಾಪ್ಟರಿನ ಬೆನ್ನ ಮೇಲಿನ ಅಕ್ಷರವನ್ನು ಓದಬೇಕೆನ್ನುವುದು ಇದಕ್ಕಾಗಿಯೇ.

ವೇಗದ ಪಾಲು

ವಿದ್ಯುತ್ತಿನಂತೆಯೇ ವೇಗವೂ ಹಂಚಿಕೆಗೆ ಒಳಪಟ್ಟದ್ದು. ಎರಡನೆಯ ಪೀಳಿಗೆಯ ಹಾದಿಯಲ್ಲಿ ಸೆಕೆಂಡಿಗೆ ೪೮೦ ಮೆಗಾಬಿಟ್ ಸಾಗಬಲ್ಲುವು. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಇದು ೬೦ ಮೆಗಾಬೈಟ್. ಕರೆಯುವುದು, ಉತ್ತರಿಸುವುದು, ತಪ್ಪಿದ್ದರೆ ಮರಳಿ ಕಳುಹಿಸುವುದು ಇವಕ್ಕೆಲ್ಲ ಕಾಲ ವ್ಯಯವಾಗುವುದರಿಂದ ನಮ್ಮ ಕೈಗೆ ದಕ್ಕುವುದು ಸಾಮಾನ್ಯವಾಗಿ ೩೦ರಿಂದ ೪೦. ಮೂರನೆಯ ಪೀಳಿಗೆಯ ಮೊದಲ ರೂಪದಲ್ಲಿ ವೇಗ ಸೆಕೆಂಡಿಗೆ ೫ ಗಿಗಾಬಿಟ್. ಕೈಗೆ ದಕ್ಕುವುದು ಸುಮಾರು ೪೦೦ ಮೆಗಾಬೈಟ್. ೧೬ ಗಿಗಾಬೈಟಿನ ಚಿತ್ರಗಳನ್ನು ಸಾಲಿಡ್ ಸ್ಟೇಟ್ ಡ್ರೈವ್ ಒಂದಕ್ಕೆ ಸಾಗಿಸಲು ಮೊದಲನೆಯದರಲ್ಲಿ ಏಳೂವರೆ ನಿಮಿಷ ಹಿಡಿದರೆ ಎರಡನೆಯದರಲ್ಲಿ ೪೦ ಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿಗಾದರೋ ಅದರ ತಟ್ಟೆಯ ವೇಗವೇ ಸೆಕೆಂಡಿಗೆ ನೂರು ಮೆಗಾಬೈಟಿನ ಆಸುಪಾಸಿನಲ್ಲಿರುವುದರಿಂದ, ಹೆದ್ದಾರಿ ಎಷ್ಟೇ ಅಗಲವಿದ್ದರೂ ಎತ್ತಿನ ಗಾಡಿ ತನ್ನ ವೇಗದಲ್ಲೇ ಹೋಗುತ್ತದೆ.

ಹಬ್‌ಗೆ ಎರಡು ವೇಗದ ಡ್ರೈವುಗಳನ್ನು ಸೇರಿಸಿ ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿದರೆ ಎರಡೂ ಹಬ್‌ನ ಏಕೈಕ ಕೇಬಲನ್ನೇ ಹಂಚಿಕೊಳ್ಳಬೇಕು. ಎರಡನೆಯ ಪೀಳಿಗೆಯ ಹಬ್‌ನಲ್ಲಿ ಆಗ ವೇಗ ಅರ್ಧಕ್ಕಿಳಿಯುತ್ತದೆ. ಮೂರನೆಯ ಪೀಳಿಗೆಯಲ್ಲಿ ಹೋಗಲು ಬೇರೆ, ಬರಲು ಬೇರೆ ತಂತಿಗಳಿರುವುದರಿಂದ ಈ ಬಾಧೆ ಕಡಿಮೆ. ಮೌಸ್, ಕೀಲಿಮಣೆಗಳ ಮಾತು ಬೇರೆ. ಅವು ಸೆಕೆಂಡಿಗೆ ೧.೫ ಅಥವಾ ೧೨ ಮೆಗಾಬಿಟ್ ವೇಗದ ನಿಧಾನಸ್ಥರು; ಅವುಗಳಿಂದ ಹಾದಿಗೆ ಭಾರವಿಲ್ಲ.

ಹಳೆಯ ಪೆನ್ ಡ್ರೈವನ್ನು ಸೇರಿಸಿದರೆ ಹೊಸ ಡ್ರೈವಿನ ವೇಗವೂ ಕುಗ್ಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಮೂರನೆಯ ಪೀಳಿಗೆಯ ಹಬ್‌ನಲ್ಲಿ ಹಾಗಾಗುವುದಿಲ್ಲ. ಅದರ ಒಂದೇ ಚಿಪ್ಪಿನೊಳಗೆ ಎರಡು ಹಬ್‌ಗಳು ಜೊತೆಜೊತೆಗೆ ಕೆಲಸ ಮಾಡುತ್ತವೆ: ಹಳೆಯ ನಾಲ್ಕು ತಂತಿಗಳ ಹಾದಿಗೆ ಒಂದು, ಹೊಸದಾಗಿ ಸೇರಿದ ಐದು ತಂತಿಗಳ ಹಾದಿಗೆ ಇನ್ನೊಂದು. ಸೈಕಲ್ ಹಾದಿಯೂ ಮೋಟಾರು ಹಾದಿಯೂ ಬೇರೆಬೇರೆಯಾಗಿರುವ ರಸ್ತೆಯಂತೆ ಇದು.

ಇಲ್ಲಿ ಒಂದು ವಿಚಿತ್ರ ತೊಂದರೆಯನ್ನೂ ಹೇಳಬೇಕು. ಮೂರನೆಯ ಪೀಳಿಗೆಯ ಸಂದೇಶಗಳು ಸಾಗುವಾಗ ೨.೪ ಗಿಗಾಹರ್ಟ್ಸ್ ಸುತ್ತಲಿನ ರೇಡಿಯೋ ಅಲೆಗಳಲ್ಲಿ ಗದ್ದಲ ಹುಟ್ಟುತ್ತದೆ. ತಂತಿಯಿಲ್ಲದ ಅನೇಕ ಮೌಸುಗಳು ಮಾತನಾಡುವುದು ಇದೇ ಅಲೆಗಳಲ್ಲಿ. ಇಂಟೆಲ್ ಸಂಸ್ಥೆಯೇ ೨೦೧೨ರಲ್ಲಿ ಈ ವಿಷಯವನ್ನು ಕುರಿತು ವರದಿಯೊಂದನ್ನು ಪ್ರಕಟಿಸಿತು. ಡಿಸ್ಕಿನ ಕೆಲಸ ನಡೆಯುವಾಗ ನಿಮ್ಮ ಮೌಸು ತಡವರಿಸಿದರೆ, ಅದರ ಪುಟ್ಟ ಗ್ರಾಹಕವನ್ನು ಹಬ್‌ನಿಂದ ತೆಗೆದು ಲ್ಯಾಪ್‌ಟಾಪಿನ ಇನ್ನೊಂದು ಪಕ್ಕಕ್ಕೆ ಹಾಕಿ ನೋಡಿ. ಹೊಸ ಮೌಸು ಕೊಳ್ಳುವ ಖರ್ಚು ಎಷ್ಟೋ ವೇಳೆ ಉಳಿಯುತ್ತದೆ.

ಸಿ ಮಾದರಿಯ ಕಿಂಡಿ

೨೦೧೪ರಲ್ಲಿ ಬಂದ ಸಿ ಮಾದರಿಯ ಕಿಂಡಿ ಹೇಗೆ ಹಾಕಿದರೂ ಹೋಗುತ್ತದೆ. ಅದರೊಳಗೆ ೨೪ ಸಂಪರ್ಕಗಳಿವೆ. ಸಂದೇಶ, ಪರದೆಯ ಚಿತ್ರ, ಲ್ಯಾಪ್‌ಟಾಪಿನ ಚಾರ್ಜು ಮೂರೂ ಇದೊಂದರಿಂದಲೇ ಸಾಗಬಲ್ಲುವು. ಆದರೆ 'ಸಿ' ಎಂಬುದು ಬಾಗಿಲಿನ ಆಕಾರದ ಹೆಸರು. ಒಳಗಿನ ಸೌಕರ್ಯದ ಹೆಸರಲ್ಲ. ಒಂದೇ ಬಗೆಯಾಗಿ ಕಾಣುವ ಎರಡು ಸಿ ಕಿಂಡಿಗಳಲ್ಲಿ ಒಂದು ೪೮೦ ಮೆಗಾಬಿಟ್‌ನದಾಗಿದ್ದು, ಇನ್ನೊಂದು ೪೦ ಗಿಗಾಬಿಟ್‌ನದಾಗಿರಬಹುದು. ಪರದೆಯ ಚಿತ್ರವನ್ನು ಕಳುಹಿಸುವ ಶಕ್ತಿ ಎಲ್ಲ ಸಿ ಕಿಂಡಿಗಳಿಗೂ ಇರುವುದಿಲ್ಲ. ಆದುದರಿಂದ ಎಚ್.ಡಿ.ಎಂ.ಐ. ಕಿಂಡಿಯುಳ್ಳ ಹಬ್ಬನ್ನು ಕೊಳ್ಳುವ ಮುನ್ನ ಲ್ಯಾಪ್‌ಟಾಪಿನೊಡನೆ ಬಂದ ಕೈಪಿಡಿಯಲ್ಲಿ 'ಡಿಸ್‌ಪ್ಲೇಪೋರ್ಟ್' ಎಂಬ ಮಾತು ಆ ಕಿಂಡಿಯ ಎದುರಿಗೆ ಇದೆಯೇ ಎಂದು ನೋಡತಕ್ಕದ್ದು.

ಪರದೆಯ ವಿಷಯದಲ್ಲೂ ಗಣಿತ ನಮ್ಮ ನೆರವಿಗೆ ಬರುತ್ತದೆ. '೪ ಕೆ' ಪರದೆಯಲ್ಲಿ ೩೮೪೦ × ೨೧೬೦, ಅಂದರೆ ಸುಮಾರು ೮೩ ಲಕ್ಷ ಚುಕ್ಕೆಗಳಿವೆ. ಚುಕ್ಕೆಗೆ ೨೪ ಬಿಟ್‌ನಂತೆ, ಸೆಕೆಂಡಿಗೆ ೬೦ ಸಲ ಚಿತ್ರ ಬದಲಾಗಬೇಕಾದರೆ ಸುಮಾರು ೧೨ ಗಿಗಾಬಿಟ್ ಬೇಕು. ಸಾಧಾರಣ ಹಬ್‌ಗಳು ಸಿ ಕಿಂಡಿಯ ನಾಲ್ಕು ವೇಗದ ಹಾದಿಗಳಲ್ಲಿ ಎರಡನ್ನು ಚಿತ್ರಕ್ಕೂ ಎರಡನ್ನು ಡಿಸ್ಕು ಮುಂತಾದುವಕ್ಕೂ ಹಂಚುತ್ತವೆ. ಹಳೆಯ ಪದ್ಧತಿಯಲ್ಲಿ ಚಿತ್ರದ ಎರಡು ಹಾದಿಗಳಿಂದ ದಕ್ಕುವುದು ೮.೬೪ ಗಿಗಾಬಿಟ್. ಹನ್ನೆರಡು ಹಿಡಿಸದು; ಆರು ಹಿಡಿಸೀತು. ಆದುದರಿಂದಲೇ ಅನೇಕ ಹಬ್‌ಗಳ ಮೇಲೆ '೪ ಕೆ, ೩೦ ಹರ್ಟ್ಸ್' ಎಂದು ಬರೆದಿರುತ್ತದೆ. ಅಂಥದರಲ್ಲಿ ಮೌಸಿನ ಬಾಣ ಪರದೆಯ ಮೇಲೆ ಕುಂಟುತ್ತ ಹೋದಂತೆ ಕಾಣುತ್ತದೆ. ದಿನವೆಲ್ಲ ಪರದೆ ನೋಡುವವರು '೬೦ ಹರ್ಟ್ಸ್' ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸುವುದು ಮೇಲು.

ಚಾರ್ಜಿನ ಅಂಕೆಯನ್ನೂ ಎಚ್ಚರದಿಂದ ಓದಬೇಕು. ಹಬ್‌ನ ಮೇಲೆ '೧೦೦ ವಾಟ್' ಎಂದಿದ್ದರೆ ಅದು ಅಷ್ಟನ್ನು ತನ್ನ ಮೂಲಕ ಹಾಯಿಸಬಲ್ಲುದು ಎಂದರ್ಥ; ತಾನೇ ಉತ್ಪಾದಿಸುತ್ತದೆ ಎಂದಲ್ಲ. ನಿಮ್ಮ ಚಾರ್ಜರು ೬೫ ವಾಟಿನದಾಗಿದ್ದು ಹಬ್ ತನಗೂ ತನ್ನ ಕಿಂಡಿಗಳಿಗೂ ೧೫ ವಾಟನ್ನು ಇಟ್ಟುಕೊಂಡರೆ ಲ್ಯಾಪ್‌ಟಾಪಿಗೆ ದೊರೆಯುವುದು ೫೦.

ಕೊಳ್ಳುವ ಮುನ್ನ

ಅಂಗಡಿಗೆ ಹೊರಡುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಮೇಜಿನ ಮೇಲಿನ ಉಪಕರಣಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಎದುರಿಗೂ ಅದಕ್ಕೆ ಬೇಕಾದ ಮಿಲಿಆಂಪಿಯರನ್ನೂ, ಅದು ವೇಗದ್ದೋ ನಿಧಾನದ್ದೋ ಎಂಬುದನ್ನೂ ಗುರುತು ಹಾಕಿ. ವಿದ್ಯುತ್ತಿನ ಅಂಕೆ ಹೆಚ್ಚಾಗಿ ಉಪಕರಣದ ತಳದಲ್ಲೇ ಮುದ್ರಿತವಾಗಿರುತ್ತದೆ. ಮೊತ್ತ ೫೦೦ರೊಳಗಿದ್ದು, ಇರುವುದೆಲ್ಲ ಮೌಸು, ಕೀಲಿಮಣೆ, ಪೆನ್ ಡ್ರೈವುಗಳೇ ಆದರೆ ಸ್ವಂತ ವಿದ್ಯುತ್ತಿಲ್ಲದ ಅಗ್ಗದ ಹಬ್ ಸಾಕು. ಹೆಚ್ಚು ಹಣ ಕೊಡುವುದು ವ್ಯರ್ಥ. ಡಿಸ್ಕು ಒಂದೇ ಇದ್ದು, ಲ್ಯಾಪ್‌ಟಾಪಿನಲ್ಲಿ ಎರಡು ಕಿಂಡಿಗಳಿದ್ದರೆ ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೂ ಉಳಿದುವನ್ನು ಹಬ್‌ಗೂ ಹಾಕಿದರೆ ಅಡಾಪ್ಟರಿನ ಖರ್ಚೇ ಬೇಡ. ಎರಡು ಡಿಸ್ಕುಗಳೋ, ಡಿಸ್ಕಿನೊಡನೆ ಕ್ಯಾಮರಾವೋ ಇದ್ದರೆ ಮಾತ್ರ ಅಡಾಪ್ಟರುಳ್ಳ ಹಬ್ ಅವಶ್ಯಕ.

ಅಡಾಪ್ಟರುಳ್ಳ ಹಬ್ ಕೊಂಡ ಮೇಲೆ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪನ್ನು ಪೂರ್ಣವಾಗಿ ಆರಿಸಿ, ಹಬ್ಬನ್ನು ಮಾತ್ರ ಉರಿಯಬಿಡಿ. ಲ್ಯಾಪ್‌ಟಾಪಿನ ಯಾವುದಾದರೂ ದೀಪ ಹಬ್‌ನಿಂದಾಗಿಯೇ ಬೆಳಗುತ್ತಿದ್ದರೆ, ಹಬ್ ತನ್ನ ವಿದ್ಯುತ್ತನ್ನು ಹಿಮ್ಮುಖವಾಗಿ ಕಂಪ್ಯೂಟರಿಗೆ ತಳ್ಳುತ್ತಿದೆ ಎಂದು ಸಂಶಯಪಡಬೇಕು. ನಿಯಮದ ಪ್ರಕಾರ ಇದು ನಿಷಿದ್ಧ. ಅಂಥ ಹಬ್ಬನ್ನು ಅಂಗಡಿಗೆ ಹಿಂದಿರುಗಿಸುವುದು ಲೇಸು.

ಬಳಸುವಾಗ

ಸ್ವಂತ ಬಾವಿಗೂ ಒಂದು ಅಪಾಯವುಂಟು. ನಮ್ಮ ಊರುಗಳಲ್ಲಿ ವಿದ್ಯುತ್ತು ಹೋದಾಗ ಲ್ಯಾಪ್‌ಟಾಪು ತನ್ನ ಬ್ಯಾಟರಿಯಿಂದ ನಡೆಯುತ್ತಲೇ ಇರುತ್ತದೆ. ಆದರೆ ಗೋಡೆಯ ಸಾಕೆಟ್ಟನ್ನು ನಂಬಿದ ಹಬ್‌ನ ಅಡಾಪ್ಟರು ಆ ಕ್ಷಣವೇ ಸಾಯುತ್ತದೆ. ಅದರೊಡನೆ ಹಬ್‌ಗೆ ಸೇರಿದ ಡಿಸ್ಕೂ ಬಿದ್ದುಹೋಗುತ್ತದೆ. ಪರದೆ ಬೆಳಗುತ್ತಿರುವುದರಿಂದ ನಾವು ಎಲ್ಲವೂ ಸರಿಯಾಗಿದೆಯೆಂದು ತಿಳಿದಿರುತ್ತೇವೆ. ಆದುದರಿಂದ ವಿದ್ಯುತ್ತಿನ ನಂಬಿಕೆಯಿಲ್ಲದ ಹೊತ್ತಿನಲ್ಲಿ ಮುಖ್ಯವಾದ ನಕಲಿನ ಕೆಲಸವನ್ನು ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿಯೇ ಮಾಡಬೇಕು. ಇಲ್ಲವೇ ಹಬ್‌ನ ಅಡಾಪ್ಟರನ್ನು ಯು.ಪಿ.ಎಸ್. ಸಾಕೆಟ್ಟಿಗೆ ಸೇರಿಸಬೇಕು. ಇದೇ ರೀತಿ, ಸಿ ಮಾದರಿಯ ಹಬ್‌ಗೆ ಚಾರ್ಜರನ್ನು ಹಾಕುವಾಗ ಅಥವಾ ತೆಗೆಯುವಾಗ ವಿದ್ಯುತ್ತಿನ ಒಪ್ಪಂದ ಹೊಸದಾಗಿ ಆಗಬೇಕಾಗುವುದರಿಂದ ಅನೇಕ ಹಬ್‌ಗಳಲ್ಲಿ ಎಲ್ಲ ಕಿಂಡಿಗಳೂ ಒಂದು ಕ್ಷಣ ಕಡಿದುಹೋಗುತ್ತವೆ. ಡಿಸ್ಕಿನ ಕೆಲಸ ನಡೆಯುತ್ತಿರುವಾಗ ಚಾರ್ಜರನ್ನು ಮುಟ್ಟಬೇಡಿ.

ಡಿಸ್ಕನ್ನಾಗಲಿ ಪೆನ್ ಡ್ರೈವನ್ನಾಗಲಿ ಕೀಳುವ ಮುನ್ನ ಕಂಪ್ಯೂಟರಿನ ಅಪ್ಪಣೆ ಪಡೆಯುವ ಅಭ್ಯಾಸ ಇರಲಿ. 'ಬರೆದಾಯಿತು' ಎಂದು ಪರದೆ ಹೇಳಿದ ಮೇಲೂ ಕೆಲವು ವೇಳೆ ಕೊನೆಯ ತುಣುಕುಗಳು ಕಂಪ್ಯೂಟರಿನ ನೆನಪಿನಲ್ಲೇ ಉಳಿದಿದ್ದು ತುಸು ತಡವಾಗಿ ಡಿಸ್ಕನ್ನು ಸೇರುತ್ತವೆ. ಹಬ್ ಉಗುರುಬೆಚ್ಚಗಾಗುವುದು ಸಹಜ. ಮುಟ್ಟಲಾರದಷ್ಟು ಬಿಸಿಯಾದರೆ ಹೊರೆಯನ್ನು ಇಳಿಸಿ. ಹಾಸಿಗೆಯ ಮೇಲೆ, ಬಟ್ಟೆಯ ಕೆಳಗೆ ಇಡಬೇಡಿ.

ಮನೆಯಲ್ಲೇ ಒಂದು ಪ್ರಯೋಗ

ಇಲ್ಲಿ ಹೇಳಿದುದನ್ನು ನಂಬಬೇಕಾಗಿಲ್ಲ. ನೀವೇ ಅಳೆದು ನೋಡಬಹುದು. ಇನ್ನೊಂದು ಪ್ರತಿಯುಳ್ಳ, ಎರಡು ಗಿಗಾಬೈಟಿನ ಒಂದು ಚಲನಚಿತ್ರದ ಕಡತವನ್ನು ತೆಗೆದುಕೊಳ್ಳಿ. ಅದನ್ನು ಲ್ಯಾಪ್‌ಟಾಪಿಗೆ ನೇರವಾಗಿ ಹಾಕಿದ ಪೆನ್ ಡ್ರೈವಿಗೆ ನಕಲು ಮಾಡಿ, ಹಿಡಿದ ಕಾಲವನ್ನು ಗಡಿಯಾರದಿಂದ ಗುರುತಿಸಿ. ಆಮೇಲೆ ಅದೇ ಡ್ರೈವನ್ನು ಹಬ್‌ಗೆ ಹಾಕಿ ಮತ್ತೆ ಅಳೆಯಿರಿ. ಮೂರನೆಯ ಸಲ, ಹಬ್‌ಗೆ ಇನ್ನೊಂದು ಪೆನ್ ಡ್ರೈವನ್ನೂ ಸೇರಿಸಿ ಎರಡಕ್ಕೂ ಒಟ್ಟಿಗೇ ನಕಲು ಮಾಡಿ. ಮೂರು ಅಂಕೆಗಳನ್ನು ಒಂದು ಪಟ್ಟಿಯಲ್ಲಿ ಬರೆದರೆ, ಹಾದಿ ಸಾಲದೆ ಬಂದ ವಿಳಂಬವೆಷ್ಟು, ಡ್ರೈವಿನ ಸ್ವಂತ ಸೋಮಾರಿತನವೆಷ್ಟು ಎಂಬುದು ನಿಮಗೇ ತಿಳಿಯುತ್ತದೆ. ಮೊದಲ ಎರಡು ಅಂಕೆಗಳು ಸಮವಾಗಿದ್ದರೆ ನಿಮ್ಮ ಹಬ್ ಆ ಡ್ರೈವಿನ ಮಟ್ಟಿಗೆ ತಡೆಯಾಗಿಲ್ಲವೆಂದು ತಿಳಿಯಿರಿ.

ನನ್ನ ಅಣ್ಣನ ಮಗಳು ತನ್ನ ಹಳೆಯ ಹಬ್ಬನ್ನು ಎಸೆಯಲಿಲ್ಲ. ಈಗಲೂ ಅದರಲ್ಲಿ ಮೌಸೂ ಕೀಲಿಮಣೆಯೂ ಇವೆ. ಡಿಸ್ಕು ಲ್ಯಾಪ್‌ಟಾಪಿನ ಗಟ್ಟಿಯಾದ ಕಿಂಡಿಯಲ್ಲಿ ನೇರವಾಗಿ ಕುಳಿತಿರುತ್ತದೆ. ಹಬ್ ಸಡಿಲವಾದುದಕ್ಕೆ ಹೋಯಿತು. ಮೊಬೈಲಿಗೆ ಗೋಡೆಯ ಚಾರ್ಜರು. ಹೊಸದಾಗಿ ಏನನ್ನೂ ಕೊಳ್ಳದೆಯೇ ಅವಳ ಮೇಜು ಸರಿಹೋಯಿತು. ಪ್ರಬಂಧಗಳ ಎರಡನೆಯ ಪ್ರತಿಯೊಂದನ್ನು ಬೇರೆ ಕಡೆ ಇಡುವುದನ್ನೂ ಅವಳು ಅಂದಿನಿಂದ ಕಲಿತಿದ್ದಾಳೆ.